ಏಳನೇ ನಂಬರಿನ ಆರ್ಬರ್

ಲೇತ್ ಯಂತ್ರದಲ್ಲಿ ತಿರುಗಬೇಕಾದದ್ದು ಕಬ್ಬಿಣದ ತುಂಡು. ಅದಕ್ಕೆ ತೂತು ಕೊರೆಯುವ ಡ್ರಿಲ್ ಬಿಟ್ ಅಲುಗದೆ ನಿಂತಿರಬೇಕು. ಆ ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಮೈಕ್ರಾನನ ಲೇತಿನಲ್ಲಿ ಎರಡೂ ತಿರುಗಿದವು.

ಮೊದಲು ಕಿರ್ರೆಂದು ಒಂದು ಸದ್ದು ಬಂತು. ಆಮೇಲೆ ಡ್ರಿಲ್ ಬಿಟ್ಟನ್ನು ಕಚ್ಚಿಕೊಂಡಿದ್ದ ಚಕ್ ಬುಗುರಿಯಂತೆ ಸುತ್ತತೊಡಗಿತು. ಮೈಕ್ರಾನ್ ಗಾಬರಿಯಿಂದ ಮೋಟಾರು ಆರಿಸಿ ಚಕ್ಕನ್ನು ಹಿಡಿದೆಳೆದ. ಅದು ಅಲುಗಾಡುವ ಹಾಲುಹಲ್ಲಿನಂತೆ ಸಲೀಸಾಗಿ ಕೈಗೆ ಬಂತು.

“ಯಾರೋ ಏನೋ ಮಾಡಿದಾರೆ,” ಎಂದ, ತನಗೆ ತಾನೇ.

ಅವನಿಗೆ ಮೈಕ್ರಾನ್ ಎಂಬ ಹೆಸರು ಬಂದದ್ದು ಅಳತೆಯ ಹುಚ್ಚಿನಿಂದ. ಚಹಾ ಕೊಟ್ಟರೆ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ನಿನ್ನೆಗಿಂತ ಒಂದು ನೂಲು ಕಡಿಮೆ ಇದೆ ಎನ್ನುವವನು. ಮೂರು ವರ್ಷ ಸಂಜೆ ತರಗತಿಗೆ ಹೋಗಿ ಬರೆದುಕೊಂಡ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸದಾ ಜೇಬಿನಲ್ಲಿಟ್ಟುಕೊಂಡಿರುತ್ತಿದ್ದ. ಮನೆಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡುತ್ತಿದ್ದ. ಬೀದಿಯ ತಿರುವಿನವರೆಗೆ ಹೋಗಿ, ಮನಸ್ಸು ತಡೆಯದೆ ವಾಪಸ್ಸು ಬಂದು ನಾಲ್ಕನೇ ಸಲ ಎಳೆಯುತ್ತಿದ್ದ.

ಬೇರೆ ದಿನವಾಗಿದ್ದರೆ ಇದು ಅರ್ಧ ಗಂಟೆಯ ತಲೆನೋವು. ಆದರೆ ಮುದುಕ ಫೋರ್ಮನ್ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿಯ ಮೇಲೆ ಇಬ್ಬರು ಟರ್ನರುಗಳ ಕಣ್ಣಿತ್ತು. ಒಬ್ಬ ಮೈಕ್ರಾನ್. ಇನ್ನೊಬ್ಬ ಪಕ್ಕದ ಲೇತಿನ ಗುನುಗಪ್ಪ. ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡೇ ಏನಾದರೊಂದು ರಾಗ ಗುನುಗುತ್ತಿದ್ದುದರಿಂದ ಆ ಹೆಸರು. ಕಾರ್ಖಾನೆಯ ಯಜಮಾನರು ಶನಿವಾರವೇ ಇಬ್ಬರನ್ನೂ ಕರೆದು ಹೇಳಿದ್ದರು: “ಸೋಮವಾರ ನಾಲ್ಕು ಗಂಟೆಗೆ ಬರ್ತೀನಿ. ನನ್ನ ಕಣ್ಣೆದುರಿಗೆ ಒಂದೊಂದು ಬುಷ್ ಕೊರೀರಿ. ಯಾರ ತೂತು ನೆಟ್ಟಗಿರುತ್ತೋ ಅವರೇ ಫೋರ್ಮನ್.” ಬುಷ್ ಎಂದರೆ ನಟ್ಟನಡುವೆ ತೂತಿರುವ ಗುಂಡನೆಯ ಕಬ್ಬಿಣದ ಕೊಳವೆ.

ಫೋರ್ಮನ್ ಆದವರು ಮಾತ್ರ ಆ ಕಾರ್ಖಾನೆಯಲ್ಲಿ ಬಿಳಿ ಅಂಗಿ ತೊಡುತ್ತಿದ್ದರು. ಉಳಿದವರಿಗೆಲ್ಲ ಬೂದು ಬಣ್ಣ. ಮೈಕ್ರಾನನ ಹೆಂಡತಿ ಬೆಳಿಗ್ಗೆ ಎದ್ದು ಬಿಳಿ ಅಂಗಿಯೊಂದನ್ನು ಇಸ್ತ್ರಿ ಮಾಡಿ, ಮಡಿಕೆ ಕೆಡದಂತೆ ಹಳೆ ಪತ್ರಿಕೆಯಲ್ಲಿಟ್ಟು ಅವನ ಚೀಲಕ್ಕೆ ಸೇರಿಸಿದ್ದಳು.

“ಪಕ್ಕದ ಮನೆ ಅತ್ತೆಗೂ ಹೇಳಿದೀನಿ, ಎದುರು ಮನೆಯವ್ರಿಗೂ ಹೇಳಿದೀನಿ,” ಎಂದಿದ್ದಳು.

“ಆಗೋಕೆ ಮುಂಚೆ ಯಾಕೆ ಹೇಳೋದು?”

“ಆಗ್ದೆ ಏನು? ಗುನುಗಪ್ಪನ ಕೈ ನಡುಗುತ್ತೆ ಅಂತ ನೀವೇ ಹೇಳಿದ್ರಲ್ಲ.”

“ಒಂದ್ಸಲ ನಡುಗಿತ್ತು ಅಂದೆ. ಅವತ್ತು ಅವನಿಗೆ ಜ್ವರ ಇತ್ತು.”

“ಜ್ವರ ಇವತ್ತೂ ಬರಬಹುದು. ಸಂಜೆ ಬರೋವಾಗ ಬಿಳಿ ಅಂಗೀಲೇ ಬನ್ನಿ, ಅತ್ತೆ ಬಾಗಿಲಲ್ಲೇ ಕೂತಿರ್ತಾರೆ. ಅದಕ್ಕೆ ಕಲೆ ಗಿಲೆ ಮಾಡ್ಕೊಂಡು ಬಂದ್ರೋ, ನೋಡಿ ಮತ್ತೆ.”

ಈಗ ಆ ಅಂಗಿ ಚೀಲದಲ್ಲಿತ್ತು, ಚಕ್ ಕೈಯಲ್ಲಿತ್ತು.

ಲೇತಿನ ಬಾಲದ ಕಡೆ ಒಂದು ಗಟ್ಟಿ ಕಬ್ಬಿಣದ ಪೀಠವಿರುತ್ತದೆ. ಅದಕ್ಕೆ ಟೇಲ್‌ಸ್ಟಾಕ್ ಎನ್ನುತ್ತಾರೆ. ಅದರ ಎದೆಯಲ್ಲಿ, ಒಳಹೋದಂತೆ ಕಿರಿದಾಗುವ ಒಂದು ತೂತು. ಆ ತೂತಿಗೆ ಆರ್ಬರ್ ಎಂಬ ಉಕ್ಕಿನ ಗೂಟ ಹೊಗುತ್ತದೆ. ಗೂಟದ ಇನ್ನೊಂದು ತುದಿಗೆ ಚಕ್ ಕೂರುತ್ತದೆ, ಚಕ್ಕಿನ ಬಾಯಿಗೆ ಡ್ರಿಲ್ ಬಿಟ್. ಗೂಟಕ್ಕೂ ತೂತಿಗೂ ನಡುವೆ ನಟ್ಟಿಲ್ಲ, ಬೋಲ್ಟಿಲ್ಲ, ಅಂಟಿಲ್ಲ. ಸೀಸೆಯ ಬಾಯಿಗೆ ಬೆಂಡು ಕೂತ ಹಾಗೆ ಇಳಿಜಾರಿಗೆ ಇಳಿಜಾರು ಹೊಂದಿದರೆ ಆನೆ ಎಳೆದರೂ ತಿರುಗದು. ಕೂದಲೆಳೆಯಷ್ಟು ತಪ್ಪಿದರೆ ಕೈಗೆ ಗಟ್ಟಿ ಅನಿಸುತ್ತದೆ, ಡ್ರಿಲ್ ಕಬ್ಬಿಣವನ್ನು ಕಚ್ಚಿದ ಕೂಡಲೇ ಗಿರ್ರನೆ ಸುತ್ತುತ್ತದೆ.

ಮೈಕ್ರಾನನ ಲೇತ್, ಗುನುಗಪ್ಪನ ಲೇತ್ ಎರಡೂ ಒಂದೇ ದಿನ ಬಂದ ಅವಳಿಗಳು. ಆದರೆ ಹಿಂದೊಮ್ಮೆ ಎರಡೂ ಟೇಲ್‌ಸ್ಟಾಕುಗಳ ತೂತಿನೊಳಗೆ ಗೀರು ಬಿದ್ದು, ಫೋರ್ಮನ್ ಅವನ್ನು ರೀಮರ್ ಎಂಬ ಸಲಕರಣೆಯಿಂದ ಹೆರೆದಿದ್ದರು. ಅಂದಿನಿಂದ ಪುಸ್ತಕದ ಅಳತೆ ಎರಡಕ್ಕೂ ಸೇರದು; ಒಂದರ ಅಳತೆ ಇನ್ನೊಂದಕ್ಕಂತೂ ಸೇರದು. ಹೀಗಾಗಿ ಮೈಕ್ರಾನ್ ಒಂದು ವಾರ ತೀಡಿ ತೀಡಿ ತನ್ನ ಆರ್ಬರನ್ನು ತನ್ನ ಟೇಲ್‌ಸ್ಟಾಕಿಗೆ ಹೊಂದಿಸಿಕೊಂಡಿದ್ದ. ಗುನುಗಪ್ಪ ತನ್ನದನ್ನು ತನ್ನದಕ್ಕೆ. ಗೂಟದ ಹಿಂತುದಿಯಲ್ಲಿ ತಂತಮ್ಮ ಹಾಜರಿ ನಂಬರನ್ನು ಪಂಚ್ ಮಾಡಿಕೊಂಡಿದ್ದರು: ಮೈಕ್ರಾನನದು ಏಳು, ಗುನುಗಪ್ಪನದು ಒಂಬತ್ತು. ಒಬ್ಬನ ಆರ್ಬರನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಹಲ್ಲುಜ್ಜುವ ಬ್ರಷ್ ಬೇಕಾದರೆ ಕೇಳಬಹುದು, ಆರ್ಬರ್ ಕೇಳಬಾರದು ಎಂಬುದು ಅಲ್ಲಿನ ರೂಢಿ.

ಮೈಕ್ರಾನ್ ಗೂಟವನ್ನು ತಿರುಗಿಸಿ ನೋಡಿದ. ಏಳು ಎಂದೇ ಇತ್ತು. ಕನ್ನಡಕ ಏರಿಸಿಕೊಂಡು ಮತ್ತೆ ನೋಡಿದ. ಏಳರ ಬಾಲ ಯಾಕೋ ತುಸು ಉದ್ದವಾಗಿ ಕಂಡಿತು.

ಆಗಲೇ ಅವನಿಗೆ ಇನ್ನೊಂದು ಸಂಗತಿ ಹೊಳೆದು ಬೆನ್ನು ತಣ್ಣಗಾಯಿತು. ಪಕ್ಕದ ಲೇತಿನಿಂದ ಗುನುಗು ಕೇಳಿಸುತ್ತಿರಲಿಲ್ಲ.

ಹದಿನಾಲ್ಕು ವರ್ಷದಲ್ಲಿ ಗುನುಗಪ್ಪ ಸುಮ್ಮನಿದ್ದದ್ದು ಎರಡೇ ಸಲ: ಹಲ್ಲು ಕೀಳಿಸಿಕೊಂಡಾಗ, ಮತ್ತು ಅವನ ಮಾವ ತೀರಿಕೊಂಡಾಗ. ಎರಡನೇ ಸಲ ಮಧ್ಯಾಹ್ನದ ಹೊತ್ತಿಗೆ ಶುರು ಮಾಡಿದ್ದ. ಈಗ ಅವನು ತನ್ನ ಟೇಲ್‌ಸ್ಟಾಕಿಗೆ ಬೆನ್ನು ಕೊಟ್ಟು, ಏನನ್ನೋ ಮರೆಮಾಡುವವನಂತೆ ನಿಂತು, ಓರೆಗಣ್ಣಿನಿಂದ ಮೈಕ್ರಾನನನ್ನೇ ನೋಡುತ್ತಿದ್ದ.

“ಏನೂ ತೊಂದ್ರೆ ಇಲ್ಲ ತಾನೇ?” ಎಂದ ಗುನುಗಪ್ಪ.

“ತೊಂದ್ರೆ ಏನು? ಏನೂ ಇಲ್ಲ. ನಿಂದು?”

“ನಂದೇನು ಮಾರಾಯ, ಬೆಣ್ಣೇಲಿ ಚಾಕು ಆಡಿಸಿದ ಹಾಗೆ.”

“ಹಾಡು ಕೇಳಿಸ್ತಿಲ್ಲ?”

“ಗಂಟಲು,” ಎಂದು ಗುನುಗಪ್ಪ ಕೆಮ್ಮಿದ. ಮೈಕ್ರಾನನ ಪ್ರಕಾರ ಅದು ಕೆಮ್ಮುವವರು ಕೆಮ್ಮುವ ಕೆಮ್ಮಾಗಿರಲಿಲ್ಲ.

ಅನುಮಾನ ಬಂದ ಮೇಲೂ ಮೈಕ್ರಾನ್ ಅನ್ಯಾಯ ಮಾಡುವವನಲ್ಲ. ಮೊದಲು ಪರೀಕ್ಷೆ, ಆಮೇಲೆ ಆರೋಪ ಎಂದು ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದರು. ಅವನು ಬ್ಲೂ ಡಬ್ಬಿ ತೆಗೆದ. ಬ್ಲೂ ಎಂದರೆ ಅಂಟಂಟಾದ ನೀಲಿ. ಗೂಟಕ್ಕೆ ತೆಳ್ಳಗೆ ಸವರಿ ತೂತಿಗೆ ತುರುಕಿ ತೆಗೆದರೆ, ಎಲ್ಲೆಲ್ಲಿ ಗೂಟ ತಾಗಿತೋ ಅಲ್ಲೆಲ್ಲ ನೀಲಿ ಅಳಿಸಿಹೋಗಿರುತ್ತದೆ. ಗೂಟದ ಉದ್ದಕ್ಕೂ ಅಳಿಸಿದ್ದರೆ ಜೋಡಿ ಸರಿ. ಮೈಕ್ರಾನ್ ತೆಗೆದು ನೋಡಿದ. ಬಾಯಿಯ ಹತ್ತಿರ ಒಂದು ಉಂಗುರದಷ್ಟು ಮಾತ್ರ ಅಳಿಸಿತ್ತು. ಉಳಿದ ಗೂಟ ಹಚ್ಚಿದ ಹಾಗೆಯೇ ಇತ್ತು. ಅವನ ಹತ್ತು ಬೆರಳು, ಕನ್ನಡಕದ ಒಂದು ಕಡ್ಡಿ, ಮೂಗಿನ ತುದಿ ಇಷ್ಟಕ್ಕೆ ಮಾತ್ರ ನೀಲಿ ಚೆನ್ನಾಗಿ ಹಿಡಿದಿತ್ತು.

“ಮೈಕ್ರಾನಣ್ಣ, ಮೂಗೇನು ಸೋರ್ತಾ ಇದೆಯಾ, ನೀಲಿ?” ಎಂದು ವೆಲ್ಡರ್ ಹತ್ತಿರ ಬಂದ. ಎಲ್ಲಿ ಯಾರಿಗೆ ಏನು ಕೆಟ್ಟರೂ ಅಲ್ಲಿಗೆ ಮೊದಲು ಬರುವವನು ಅವನು.

“ಮೆಲ್ಲಗೆ ಮಾತಾಡು. ಚಕ್ ತಿರುಗ್ತಾ ಇದೆ.”

“ಅಷ್ಟೇನಾ? ಒಂದು ಚುಕ್ಕೆ ವೆಲ್ಡಿಂಗ್ ಹಾಕ್ಬಿಡ್ತೀನಿ ಬಿಡಿ. ಜನ್ಮದಲ್ಲಿ ತಿರುಗಲ್ಲ.”

“ಜನ್ಮದಲ್ಲಿ ಬಿಚ್ಚೋಕೂ ಬರಲ್ವಲ್ಲೋ.”

“ಬಿಚ್ಚೋದು ಯಾಕೆ? ಫೋರ್ಮನ್ ಆದ್ಮೇಲೆ ಮುಟ್ಟೋದೇ ಇಲ್ವಲ್ಲ ನೀವು.” ವೆಲ್ಡರ್ ಅತ್ತಿತ್ತ ನೋಡಿ ಬಾಯನ್ನು ಮೈಕ್ರಾನನ ಕಿವಿಗೆ ತಂದ. “ಒಂದು ಮಾತು. ನಿನ್ನೆ ಭಾನುವಾರ ಈ ಕಡೆ ಬಂದಿದ್ದೆ. ಶೆಡ್ಡಿನ ಬಾಗಿಲು ತೆಗ್ದಿತ್ತು.”

“ಬಣ್ಣದವನು ಬಂದಿದ್ದ. ಯಜಮಾನ್ರು ಬರ್ತಾರೆ ಅಂತ ಲೇತಿಗೆಲ್ಲಾ ಹಸಿರು ಬಳಿಸಿದಾರಲ್ಲ.”

“ಬಣ್ಣದವನು ಇದ್ದ, ಸರಿ. ಬೇರೆ ಯಾರೂ ಇರ್ಲಿಲ್ಲ ಅಂತ ನಾನು ಹೇಳೋಕಾಗುತ್ತಾ?”

ಇಷ್ಟು ಹೇಳಿ ವೆಲ್ಡರ್ ಹೊರಟುಹೋದ. ಮೈಕ್ರಾನ್ ನೋಡುತ್ತಿದ್ದಂತೆಯೇ ಅವನು ಗುನುಗಪ್ಪನ ಬಳಿ ನಿಂತು, ಅವನ ಕಿವಿಗೂ ಬಾಯಿ ತಂದ.

ಬಣ್ಣದವನು ಏಣಿ ಹತ್ತಿ ಕಿಟಕಿಯ ಸರಳುಗಳಿಗೆ ಹಸಿರು ಬಳಿಯುತ್ತಿದ್ದ. ಮೈಕ್ರಾನ್ ಏಣಿಯ ಕೆಳಗೆ ಹೋಗಿ ನಿಂತು ಸಹಜವಾಗಿ ಕೇಳಿದ. ಸಹಜವಾಗಿ ಎಂದರೆ, ಮೂರು ಸಲ ಗಂಟಲು ಸರಿಮಾಡಿಕೊಂಡು.

“ನಿನ್ನೆ ನನ್ನ ಲೇತ್ ಹತ್ರ ಯಾರಾದ್ರೂ ಸುಳಿದಿದ್ರಾ?”

“ಯಾರೂ ಇಲ್ಲ ಸಾರ್. ದಿನವಿಡೀ ನಾನೊಬ್ಬನೇ.”

“ನನ್ನ ಟ್ರೇ ಒಳಗಿನ ಸಾಮಾನು ಮುಟ್ಟಿದ್ಯಾ?”

“ಅಯ್ಯೋ, ನಾನ್ಯಾಕೆ ಮುಟ್ಟಲಿ ಸಾರ್. ಟ್ರೇ ಮೇಲೆ ಕಾಗದ ಮುಚ್ಚಿ ಬಣ್ಣ ಹೊಡ್ದೆ.”

ಆ ಮುಖದಲ್ಲಿ ಸುಳ್ಳಿರಲಿಲ್ಲ. ಪಾಪ, ಆರ್ಬರಿಗೂ ಬೀಸಣಿಗೆಯ ಹಿಡಿಗೂ ವ್ಯತ್ಯಾಸ ತಿಳಿಯದವನು ಎಂದುಕೊಂಡು ಮೈಕ್ರಾನ್ ಸಂಶಯಿತರ ಪಟ್ಟಿಯಿಂದ ಅವನ ಹೆಸರನ್ನು ಹೊಡೆದುಹಾಕಿದ. ಪಟ್ಟಿಯಲ್ಲಿ ಇನ್ನು ಒಂದೇ ಹೆಸರು ಉಳಿಯಿತು.

ಹತ್ತೂವರೆಗೆ ಅವನು ಸ್ಟೋರಿಗೆ ಹೋದ. ಕಿಟಕಿಯ ಹಿಂದೆ ಸ್ಟೋರಕ್ಕ ಕೂತಿದ್ದರು. ಹನ್ನೆರಡು ವರ್ಷ ಲೇತಿನ ಮುಂದೆ ನಿಂತು, ಮೊಣಕಾಲು ಕೈಕೊಟ್ಟ ಮೇಲೆ ಸ್ಟೋರಿಗೆ ಬಂದವರು. ಹಿತ್ತಾಳೆಯ ಟೋಕನ್ ಕೊಡದಿದ್ದರೆ ಸ್ವಂತ ಗಂಡನಿಗೂ ಒಂದು ಅರ ಕೊಡರು ಎಂದು ಹೆಸರು.

“ಅಕ್ಕಾ, ಮೂರು ಹೊಸ ಆರ್ಬರ್ ಬೇಕಿತ್ತು. ಸುಮ್ನೆ, ನೋಡೋಕೆ.”

“ಇವತ್ತೇ ನೋಡ್ಬೇಕಾ ತಮ್ಮಾ? ಮೂಗು ಒರೆಸ್ಕೋ.”

ಮೈಕ್ರಾನ್ ಮೂಗು ಒರೆಸಿಕೊಂಡ. ನೀಲಿ ಕೆನ್ನೆಗೆ ಹೋಯಿತು. ಮೂರು ಟೋಕನ್ ಕೊಟ್ಟು ಮೂರು ಆರ್ಬರ್ ಒಯ್ದ. ಹನ್ನೊಂದೂವರೆಗೆ ಮೂರನ್ನೂ ವಾಪಸ್ಸು ತಂದ. ಒಂದು ಒಳಗೆ ಹೋಗಿ ಕುಣಿಯಿತು, ಒಂದು ಬಾಯಲ್ಲೇ ನಿಂತು ಮುನಿಸಿಕೊಂಡಿತು, ಮೂರನೆಯದು ಕೂತ ಹಾಗೆ ಮಾಡಿ ಒಂದು ಬುಷ್ಷಿನ ನಡುವೆ ಡ್ರಿಲ್ ಬಿಟ್ಟನ್ನೇ ಮುರಿಯಿತು. ಗೂಟಕ್ಕೆ ಸಿಗರೇಟು ಪ್ಯಾಕಿನ ಒಳಕಾಗದ ಸುತ್ತಿ ನೋಡಿದ್ದ. ಅದು ಸುಟ್ಟು ಹೊಗೆ ಬಂತು. ಸೀಮೆಸುಣ್ಣ ಸವರಿ ನೋಡಿದ್ದ. ಅದು ಬ್ಲೂ ಜೊತೆ ಕಲಸಿ ಆಕಾಶದ ಬಣ್ಣವಾಯಿತು. ಆ ಹೊತ್ತಿಗೆ ಸುತ್ತು ಬಂದ ಫೋರ್ಮನ್ ಎಲ್ಲವನ್ನೂ ಒಮ್ಮೆ ನೋಡಿ, “ನೋಡ್ಕೋಪ್ಪಾ,” ಎಂದು ಮುಂದೆ ಹೋಗಿದ್ದರು. ಮೂವತ್ತು ವರ್ಷ ಫೋರ್ಮನ್‌ಗಿರಿಯನ್ನು ಅವರು ಆ ಒಂದು ಮಾತಿನಲ್ಲೇ ನಡೆಸಿದ್ದರು.

ಸ್ಟೋರಕ್ಕ ಆರ್ಬರುಗಳನ್ನು ಒರೆಸಿ ಒಳಗಿಟ್ಟು, ಟೋಕನ್ನುಗಳನ್ನು ಹಿಂದಿರುಗಿಸುತ್ತ ಕೇಳಿದರು: “ಚಕ್ ಸರಿಯಾಗಿದೆಯಾ?”

“ಸರಿಯಾಗಿದೆ. ಆರ್ಬರಿಗೆ ಗಟ್ಟಿಯಾಗಿ ಕೂತಿದೆ.”

“ಆರ್ಬರ್?”

“ನಂಬರ್ ನಂದೇ ಇದೆ. ಮೈಕ್ರೋಮೀಟರಲ್ಲಿ ಅಳೆದೆ, ಸವೆದಿಲ್ಲ.”

“ಹಾಗಾದ್ರೆ ಇನ್ನೇನು ಉಳೀತು ಅಂತ ಯೋಚ್ನೆ ಮಾಡಿದ್ಯಾ?” ಎಂದು ಅವರು ಅವನ ಮುಖವನ್ನೇ ನೋಡಿದರು.

ಮೈಕ್ರಾನನ ತಲೆಯೊಳಗೆ ದೀಪ ಹತ್ತಿತು. ಚಕ್ ಸರಿ, ಆರ್ಬರ್ ಸರಿ, ಇನ್ನುಳಿದದ್ದು? ಗುನುಗಪ್ಪ! ಸ್ಟೋರಕ್ಕ ಬಾಯಿಬಿಟ್ಟು ಹೇಳಲಾರದೆ ಸೂಚನೆ ಕೊಡುತ್ತಿದ್ದಾರೆ. ಅವನು ಕೃತಜ್ಞತೆಯಿಂದ ಕಣ್ಣು ಮಿಟುಕಿಸಿದ. ಸ್ಟೋರಕ್ಕ ಅದು ಯಾಕೆಂದು ತಿಳಿಯದವರಂತೆ ಕಿಟಕಿ ಮುಚ್ಚಿಕೊಂಡರು.

ದಾರಿಯುದ್ದಕ್ಕೂ ಅವನು ಲೆಕ್ಕ ಹಾಕಿದ. ಲೆಕ್ಕ ಗಡಿಯಾರದ ಹಲ್ಲುಗಳಂತೆ ಒಂದಕ್ಕೊಂದು ಕೂಡಿಕೊಂಡು ಬಂತು. ಭಾನುವಾರ ಗುನುಗಪ್ಪ ಬಂದಿದ್ದಾನೆ. ಏಳನ್ನು ಉಜ್ಜಿ ಅಳಿಸಿ ಒಂಬತ್ತು ಮಾಡಿದ್ದಾನೆ. ಯಾವುದೋ ಹಳೆ ಗೂಟಕ್ಕೆ ಏಳು ಒತ್ತಿ ಇಲ್ಲಿ ಇಟ್ಟಿದ್ದಾನೆ. ಆದ್ದರಿಂದಲೇ ಏಳರ ಬಾಲ ಉದ್ದ. ಆದ್ದರಿಂದಲೇ ಗಂಟಲು ಕಟ್ಟಿದೆ. ಪಾಪಪ್ರಜ್ಞೆ ಮೊದಲು ಗಂಟಲಿಗೇ ಇಳಿಯುತ್ತದೆ. ಇನ್ನು ತಾನು ಆ ಒಂಬತ್ತನೇ ನಂಬರನ್ನು ತೆಗೆದುಕೊಂಡರೆ ಅದು ಕಳ್ಳತನ ಹೇಗಾಗುತ್ತದೆ? ತನ್ನ ವಸ್ತುವನ್ನು ತಾನೇ ವಾಪಸ್ಸು ಪಡೆದ ಹಾಗಾಯಿತು. ಆದರೂ ಇದನ್ನು ಹೆಂಡತಿಗೆ ಹೇಳುವುದು ಬೇಡ ಎಂದು ಅವನಿಗೆ ಯಾಕೆ ಅನ್ನಿಸಿತೋ, ಆ ಲೆಕ್ಕವನ್ನು ಅವನು ಹಾಕಲು ಹೋಗಲಿಲ್ಲ.

ಒಂದು ಗಂಟೆಗೆ ಊಟದ ಗಂಟೆ ಹೊಡೆಯಿತು. ಎಲ್ಲರೂ ಕೈ ತೊಳೆದುಕೊಂಡು ಹಿಂದಿನ ಚಾವಣಿಯ ಕೆಳಗೆ ಹೋದರು. ಮೈಕ್ರಾನ್ ಡಬ್ಬಿ ಮರೆತವನಂತೆ ಹಣೆ ಚಚ್ಚಿಕೊಂಡು ವಾಪಸ್ಸು ಬಂದ. ಯಾರೂ ನೋಡುತ್ತಿರಲಿಲ್ಲ, ಆದರೂ ಇನ್ನೊಮ್ಮೆ ಚಚ್ಚಿಕೊಂಡ. ಹಣೆಯಲ್ಲಿ ನಾಲ್ಕು ನೀಲಿ ಬೆರಳು ಮೂಡಿದವು.

ಗುನುಗಪ್ಪನ ಟ್ರೇಯಲ್ಲಿ ಚಕ್ ಒಂದು ಕಡೆ, ಬಟ್ಟೆಯಲ್ಲಿ ಸುತ್ತಿದ ಆರ್ಬರ್ ಒಂದು ಕಡೆ ಬಿದ್ದಿದ್ದವು. ಯಾಕೆ ಬಿಚ್ಚಿಟ್ಟಿದ್ದಾನೆ? ಬೆಣ್ಣೆಯಲ್ಲಿ ಚಾಕು ಆಡುತ್ತಿದ್ದರೆ ಬಿಚ್ಚುವುದು ಯಾಕೆ? ಈ ಪ್ರಶ್ನೆ ಮೈಕ್ರಾನನ ಮನಸ್ಸಿಗೆ ಬಂದದ್ದೇನೋ ನಿಜ. ಅಷ್ಟರಲ್ಲಿ ಬಾಗಿಲ ಕಡೆ ಹೆಜ್ಜೆ ಸದ್ದಾಯಿತು. ಅವನು ದಡಬಡಿಸಿ ಲೇತಿನ ಅಡಿಗೆ ನುಸುಳಿ, ಡ್ರಿಲ್ ತಣಿಸುವ ಕೂಲಂಟ್ ನೀರಿನ ತಟ್ಟೆಯ ಕೆಳಗೆ ಮೊಣಕಾಲೂರಿ ಕೂತ. ತಣ್ಣಗಿನ ಬಿಳಿ ನೀರು ತೊಟ್ಟು ತೊಟ್ಟಾಗಿ ಅವನ ಕತ್ತಿನೊಳಗೆ ಇಳಿಯಿತು.

“ಮೈಕ್ರಾನಣ್ಣ?” ವೆಲ್ಡರನ ದನಿ. “ಅದ್ಯಾಕೆ ಗುನುಗಪ್ಪನ ಲೇತ್ ಕೆಳಗೆ ಕೂತಿದೀರಿ?”

“ನೆಲ... ನೆಲ ಸಮ ಇದೆಯಾ ನೋಡ್ತಿದ್ದೆ.”

“ಅವನ ನೆಲಾನಾ?”

“ನೆಲ ಎಲ್ಲಾರ್ದೂ ಒಂದೇ ಅಲ್ವೇನೋ.”

ವೆಲ್ಡರ್ ಇದನ್ನು ದೊಡ್ಡ ಮಾತೆಂದು ತಿಳಿದು ತಲೆಯಾಡಿಸಿ ಹೋದ. ಮೈಕ್ರಾನ್ ಮೇಲೆದ್ದು, ಒಂಬತ್ತನೇ ನಂಬರಿನ ಆರ್ಬರನ್ನು ಊಟದ ಡಬ್ಬಿಗೆ ಹಾಕಿಕೊಂಡು, ತನ್ನ ಏಳನ್ನು ಅದೇ ಬಟ್ಟೆಯಲ್ಲಿ ಅದೇ ತರಹ ಸುತ್ತಿ ಅದೇ ಜಾಗದಲ್ಲಿಟ್ಟ. ಹಿಂತುದಿಯ ನಂಬರು ತೂತಿನೊಳಗೆ ಹೋಗುವುದರಿಂದ ಯಾರೂ ನೋಡುವುದಿಲ್ಲ. ಇಷ್ಟಾಗಿಯೂ ಗಂಟು ಎಡಕ್ಕಿತ್ತೋ ಬಲಕ್ಕಿತ್ತೋ ಎಂಬ ಸಂಶಯ ಬಂದು ಎರಡು ಸಲ ಕಟ್ಟಿ ಬಿಚ್ಚಿದ.

ತನ್ನ ಲೇತಿಗೆ ಬಂದು ಬ್ಲೂ ಸವರಿ, ಒಂಬತ್ತನ್ನು ತುರುಕಿ, ತೆಗೆದು ನೋಡಿದ. ತುದಿಯಿಂದ ತುದಿಗೆ ನೀಲಿ ಅಳಿಸಿ ಉಕ್ಕು ಫಳಫಳ ಹೊಳೆಯುತ್ತಿತ್ತು. ತಾಯಿಯ ತೋಳಿಗೆ ಕೂಸು ಹೊಂದಿದ ಹಾಗೆ ಹೊಂದಿತ್ತು. ಒಂದು ಬುಷ್ ಕೊರೆದ. ಚಕ್ ಅಲುಗಲಿಲ್ಲ. ಮೂರು ಸಲ ಎಳೆದು ನೋಡಿದ, ನಾಲ್ಕನೇ ಸಲವೂ ಎಳೆದ. ಅವನ ಕಣ್ಣಲ್ಲಿ ನೀರು ಬಂತು. “ಕಳ್ಳ,” ಎಂದ ಮೆಲ್ಲಗೆ, ಪಕ್ಕದ ಲೇತಿನ ಕಡೆ ನೋಡಿ.

ಊಟ ಮುಗಿಸಿ ಗುನುಗಪ್ಪ ಬಂದ. ಬಟ್ಟೆ ಬಿಚ್ಚಿದ, ಗೂಟಕ್ಕೆ ಚಕ್ ಕೂರಿಸಿದ, ಟೇಲ್‌ಸ್ಟಾಕಿಗೆ ತುರುಕಿದ, ಮೋಟಾರು ಹಾಕಿದ. ಮೈಕ್ರಾನ್ ಉಸಿರು ಬಿಗಿಹಿಡಿದು ಕಾದ. ಐದು ನಿಮಿಷ ಕಳೆಯಿತು. ಆಮೇಲೆ, ಮೊದಲು ಸಣ್ಣಗೆ, ಬರುಬರುತ್ತ ಗಟ್ಟಿಯಾಗಿ, ಪಕ್ಕದ ಲೇತಿನಿಂದ ಗುನುಗು ಕೇಳಿಸತೊಡಗಿತು.

ಮೈಕ್ರಾನನಿಗೆ ದಿಗಿಲಾಯಿತು. ಮಾಲು ಕಳೆದುಕೊಂಡ ಕಳ್ಳ ಹಾಡುತ್ತಾನೆಯೇ? ಬೆಳಗಿನಿಂದ ಕಟ್ಟಿದ್ದ ಗಂಟಲು ಈಗ ಹೇಗೆ ಬಿಟ್ಟಿತು? ಇದರೊಳಗೆ ಇನ್ನೊಂದು ಸಂಚಿದೆ. ಅವನು ಇನ್ನೇನೋ ಹೂಡಿದ್ದಾನೆ.

ಮೂರೂವರೆಗೆ ಚಹಾ ವಿರಾಮ. ಮೈಕ್ರಾನ್ ಯಾವ ಅಪಾಯಕ್ಕೂ ಆಸ್ಪದ ಕೊಡಲಿಲ್ಲ. ಚಕ್ಕನ್ನೂ ಆರ್ಬರನ್ನೂ ಟೇಲ್‌ಸ್ಟಾಕಿನಿಂದ ಕಳಚಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ನಾಲ್ಕು ಸಲ ಎಳೆದು ನೋಡಿ ಹೋದ. ಹೋಗುವಾಗ ಗಮನಿಸಿದ: ಗುನುಗಪ್ಪನೂ ತನ್ನದನ್ನು ಕಳಚಿ ಜೇಬಿಗೆ ಹಾಕಿಕೊಂಡ. ಜೇಬು ಪ್ಯಾಂಟನ್ನೇ ಕೆಳಗೆ ಎಳೆಯುತ್ತಿತ್ತು. ಚಹಾ ಕುಡಿಯುವಷ್ಟು ಹೊತ್ತೂ ಮೈಕ್ರಾನ್ ಗುನುಗಪ್ಪನ ಮೇಲೆ ಕಣ್ಣಿಟ್ಟಿದ್ದ, ಗುನುಗಪ್ಪ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಮೈಕ್ರಾನನ ಮೇಲೆ ಕಣ್ಣಿಟ್ಟಿದ್ದ. ಲೇತುಗಳ ಮೇಲೆ ಮಾತ್ರ ಯಾರ ಕಣ್ಣೂ ಇರಲಿಲ್ಲ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮೈಕ್ರಾನ್ ಬಚ್ಚಲಿಗೆ ಹೋಗಿ ಮುಖ ತೊಳೆದು ಬಿಳಿ ಅಂಗಿ ತೊಟ್ಟ. ಬ್ಲೂ ಸೋಪಿಗೆ ಹೋಗುವುದಿಲ್ಲ ಎಂಬುದು ಗುಂಡಿ ಹಾಕಿಕೊಳ್ಳುವಾಗ ನೆನಪಾಯಿತು. ಐದು ಗುಂಡಿಗಳ ಪಕ್ಕದಲ್ಲಿ ಐದು ನೀಲಿ ಹೆಬ್ಬೆಟ್ಟುಗಳು, ಠಾಣೆಯಲ್ಲಿ ಒತ್ತಿಸಿಕೊಂಡ ಹಾಗೆ, ಸಾಲಾಗಿ ಮೂಡಿದ್ದವು.

ಯಜಮಾನರು ಬಂದರು. ಹಿಂದೆ ಫೋರ್ಮನ್, ಅವರ ಹಿಂದೆ ರಿಜಿಸ್ಟರ್ ಹಿಡಿದ ಸ್ಟೋರಕ್ಕ. ವೆಲ್ಡರ್ ಕರೆಯದೆಯೇ ಬಂದ. ಬಣ್ಣದವನು ಏಣಿಯ ಮೇಲಿಂದಲೇ ನೋಡುತ್ತಿದ್ದ.

“ಮೊದಲು ನೀವು,” ಎಂದರು ಯಜಮಾನರು ಗುನುಗಪ್ಪನಿಗೆ.

ಗುನುಗಪ್ಪ ಜೇಬಿನಿಂದ ಚಕ್ ತೆಗೆದು ಟೇಲ್‌ಸ್ಟಾಕಿಗೆ ತುರುಕಿ, ಮರದ ಸುತ್ತಿಗೆಯಿಂದ ಒಂದು ಏಟು ಕೊಟ್ಟು, ಗುನುಗುತ್ತಲೇ ಮೋಟಾರು ಹಾಕಿದ. ಡ್ರಿಲ್ ಕಬ್ಬಿಣಕ್ಕೆ ತಾಗಿತು. ಕಿರ್ರ್ ಎಂದಿತು. ಚಕ್ ಬುಗುರಿಯಾಯಿತು. ಗುನುಗು ನಿಂತಿತು.

ಮೈಕ್ರಾನನಿಗೆ ಆದ ಸಂತೋಷ ಹೇಳತೀರದು. ತನ್ನ ನಕಲಿ ಏಳು ಅವನಿಗೆ ಕೈಕೊಟ್ಟಿದೆ! ಮಧ್ಯಾಹ್ನ ಇದೇ ಏಳು ಅವನಿಗೆ ಸರಿಹೊಂದಿದ್ದು ಹೇಗೆ ಎಂದು ಯೋಚಿಸುವುದಕ್ಕೆ ಸಂತೋಷದ ನಡುವೆ ಬಿಡುವಿರಲಿಲ್ಲ.

“ಈಗ ನೀವು,” ಎಂದರು ಯಜಮಾನರು. “ಅಂಗಿ ಮೇಲೆ ಅದೇನದು?”

“ಪರೀಕ್ಷೆ ಮಾಡ್ತಿದ್ದೆ, ಯಜಮಾನ್ರೇ.”

“ಗುಂಡೀನಾ?”

ಮೈಕ್ರಾನ್ ಡ್ರಾಯರ್ ತೆಗೆದು ಚಕ್ ತಂದು ಕೂರಿಸಿದ. ಒಂದು ಸಲ ಎಳೆದ, ಗಟ್ಟಿಯಿತ್ತು. ಎರಡನೇ ಸಲ ಎಳೆದ. “ಬೇಗ ಆಗ್ಲಿ,” ಎಂದರು ಯಜಮಾನರು. ಮೋಟಾರು ಹಾಕಿದ. ಡ್ರಿಲ್ಲನ್ನು ಮುಂದೆ ತಳ್ಳಿದ.

ಕಿರ್ರ್.

ಚಕ್ ಸುತ್ತಿತು, ಸುಮ್ಮನೆ ಸುತ್ತಲೂ ಇಲ್ಲ. ಮೈಕ್ರಾನ್ ಬೆದರಿ ಪೀಠದ ಕೈಚಕ್ರವನ್ನು ಹಿಂದಕ್ಕೆ ತಿರುಗಿಸಿದ್ದರಿಂದ ಅದು ಗೂಟದ ಸಮೇತ ಕಳಚಿ ನೆಲಕ್ಕೆ ಬಿತ್ತು. ಬಿದ್ದ ಪೆಟ್ಟಿಗೆ ಚಕ್ಕಿನಿಂದ ಗೂಟ ಬೇರೆಯಾಗಿ, ಎಲ್ಲರ ನಡುವೆ ಉರುಳುತ್ತ ಹೋಗಿ ಸ್ಟೋರಕ್ಕನ ಚಪ್ಪಲಿಗೆ ತಾಗಿ ನಿಂತಿತು.

ಏಣಿಯ ಮೇಲಿನಿಂದ ಬಣ್ಣದವನು ಇಳಿದು ಬಂದು ಕೈಮುಗಿದ.

“ಯಜಮಾನ್ರೇ, ತಪ್ಪು ನಂದು. ನಿನ್ನೆ ಬಣ್ಣ ಹೊಡೆಯೋಕೆ ಅಂತ ಈ ಎರಡೂ ಲೇತಿನ ಹಿಂದಿನ ಪೀಠ ಜಾರಿಸಿ ತೆಗ್ದಿದ್ದೆ. ವಾಪಸ್ ಹಾಕೋವಾಗ ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಆಗ್ಹೋಗಿತ್ತು. ನೋಡೋಕೆ ಎರಡೂ ಒಂದೇ ತರ ಅಲ್ವಾ? ಇವತ್ತು ಚಹಾ ಹೊತ್ತಲ್ಲಿ ಪೀಠದ ನಂಬರ್ ಮೇಲೆ ಬಿದ್ದಿದ್ದ ಬಣ್ಣ ಒರೆಸ್ದಾಗ ಗೊತ್ತಾಯ್ತು. ವೆಲ್ಡರಣ್ಣ ಒಂದು ಕೈ ಹಿಡಿದ, ಆಗಲೇ ಸರಿ ಮಾಡಿಟ್ಟೆ. ಈಗ ಯಾರದ್ದು ಅವರವ್ರಿಗೇ ಇದೆ. ಇನ್ನು ಏನೂ ಚಿಂತೆ ಇಲ್ಲ.”

ಮೈಕ್ರಾನನ ತಲೆಯೊಳಗಿನ ಗಡಿಯಾರದ ಹಲ್ಲುಗಳು ಒಂದೊಂದಾಗಿ ಹಿಂದಕ್ಕೆ ತಿರುಗತೊಡಗಿದವು. ಬೆಳಿಗ್ಗೆ ತನ್ನ ಲೇತಿನ ಮೇಲೆ ಕೂತಿದ್ದದ್ದು ಗುನುಗಪ್ಪನ ಟೇಲ್‌ಸ್ಟಾಕ್. ತನ್ನ ಏಳು ಅಪ್ಪಟ ಏಳೇ ಆಗಿತ್ತು. ಗುನುಗಪ್ಪನ ಒಂಬತ್ತು ಅಪ್ಪಟ ಒಂಬತ್ತು. ಗುನುಗಪ್ಪನ ಚಕ್ಕೂ ಬೆಳಗಿನಿಂದ ತಿರುಗುತ್ತಿತ್ತು. ಕದ್ದ ಒಂಬತ್ತು ಮಧ್ಯಾಹ್ನ ಸರಿಹೊಂದಿದ್ದು ಅದಕ್ಕೇ. ಈಗ ಟೇಲ್‌ಸ್ಟಾಕುಗಳು ಅವರವರ ಜಾಗಕ್ಕೆ ಬಂದಿವೆ. ಆರ್ಬರುಗಳು ಮಾತ್ರ ಬಂದಿಲ್ಲ. ಯಾಕೆ ಬಂದಿಲ್ಲ ಎಂಬುದು ಇಡೀ ಕಾರ್ಖಾನೆಯಲ್ಲಿ ಒಬ್ಬನಿಗೇ ಗೊತ್ತು.

“ಬೆಳಿಗ್ಗೆ ತಪ್ಪಿತ್ತು, ಸರಿ,” ಎಂದರು ಯಜಮಾನರು. “ತಪ್ಪಿದೆ ಅಂತ ನಿಮ್ಮಿಬ್ರಲ್ಲಿ ಒಬ್ರೂ ಯಾರಿಗೂ ಹೇಳಿಲ್ಲ. ಈಗ ಎಲ್ಲಾ ಸರಿ ಇದೆಯಂತೆ. ಈಗ ಯಾಕೆ ತಿರುಗ್ತಿದೆ?”

“ದೇವ್ರಾಣೆ ಗೊತ್ತಿಲ್ಲ ಯಜಮಾನ್ರೇ,” ಎಂದ ಗುನುಗಪ್ಪ. “ಬೆಳಿಗ್ಗೆ ತಿರುಗ್ತಿತ್ತು. ಮಧ್ಯಾಹ್ನ ತಾನಾಗೇ ನಿಂತಿತ್ತು.”

“ನೀವು ಓದಿಕೊಂಡವ್ರು. ನೋಟ್‌ಬುಕ್ಕಲ್ಲಿ ಏನು ಬರೆದಿದೆ?” ಎಂದು ಯಜಮಾನರು ಮೈಕ್ರಾನನ ಕಡೆ ತಿರುಗಿದರು.

ಮೈಕ್ರಾನ್ ಬಾಯಿ ತೆರೆದ. ಕಾರಣ ಹೇಳಿದರೆ ಕಳ್ಳ. ಹೇಳದಿದ್ದರೆ ಹದಿನಾಲ್ಕು ವರ್ಷವಾದರೂ ಟೇಲ್‌ಸ್ಟಾಕಿಗೆ ಒಂದು ಗೂಟ ಹೊಂದಿಸಲು ಬಾರದ ಪೆದ್ದ. ಎರಡನ್ನೂ ಮನಸ್ಸಿನಲ್ಲೇ ತಕ್ಕಡಿಗೆ ಹಾಕಿ ತೂಗಿದ.

“ಸೆಕೆ ಇರಬೇಕು ಯಜಮಾನ್ರೇ,” ಎಂದ ಕೊನೆಗೆ. “ಕಬ್ಬಿಣ ಹಿಗ್ಗುತ್ತೆ.”

ವೆಲ್ಡರ್ ಮರುಕದಿಂದ ನಾಲಗೆ ಲೊಚಗುಟ್ಟಿದ.

ಅಷ್ಟರಲ್ಲಿ ಸ್ಟೋರಕ್ಕ ಬಗ್ಗಿ, ಕಾಲ ಬಳಿಯ ಗೂಟವನ್ನು ಎತ್ತಿಕೊಂಡು ಸೀರೆಯ ಸೆರಗು ತಾಗದಂತೆ ಹಿಡಿದು ಹಿಂತುದಿಯನ್ನು ಹೆಬ್ಬೆರಳಿನಿಂದ ಒರೆಸಿದರು. ನೀಲಿಯ ಕೆಳಗಿನಿಂದ ಒಂಬತ್ತು ಎದ್ದಿತು. ಅವರು ಅದನ್ನು ನೋಡಿದರು. ಮೈಕ್ರಾನನನ್ನು ನೋಡಿದರು. ಮೈಕ್ರಾನ್ ತನ್ನ ಅಂಗಿಯ ಗುಂಡಿಗಳನ್ನು ನೋಡಿಕೊಂಡ.

“ಒಂದು ನಿಮಿಷ ಯಜಮಾನ್ರೇ,” ಎಂದು ಸ್ಟೋರಕ್ಕ ರಿಜಿಸ್ಟರನ್ನು ಫೋರ್ಮನ್ ಕೈಗೆ ಕೊಟ್ಟರು. ಗುನುಗಪ್ಪನ ಲೇತಿನಿಂದ ಇನ್ನೊಂದು ಗೂಟವನ್ನೂ ಕಳಚಿಕೊಂಡರು. ಎರಡನ್ನೂ ಒಂದೇ ಬಟ್ಟೆಯಲ್ಲಿ ಹಿಡಿದು, ಎಲ್ಲರಿಗೂ ಬೆನ್ನು ಮಾಡಿ, ಚೆನ್ನಾಗಿ ಒರೆಸಿದರು. ಒಂದನ್ನು ಇಲ್ಲಿ ಹಾಕಿದರು, ಒಂದನ್ನು ಅಲ್ಲಿ ಹಾಕಿದರು. ಆಮೇಲೆ ಮೈಕ್ರಾನನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಅವನ ಲೇತಿನಲ್ಲೇ ಬುಷ್ ಕಟ್ಟಿ, ಮೋಟಾರು ಹಾಕಿ ಡ್ರಿಲ್ ಬಿಟ್ಟರು. ತೆಳ್ಳನೆಯ ಎರಡು ಸುರುಳಿಗಳು ಜಡೆಯಂತೆ ಇಳಿದುಬಂದವು. ಚಕ್ ಬಂಡೆಯಂತೆ ನಿಂತಿತ್ತು. ಗುನುಗಪ್ಪನ ಲೇತಿನಲ್ಲೂ ಹಾಗೆಯೇ ಒಂದು ಬುಷ್ ಕೊರೆದು ತಂದು ಯಜಮಾನರ ಕೈಯಲ್ಲಿಟ್ಟರು.

ಯಜಮಾನರು ಎರಡೂ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದರು. “ಏನು ಮಾಡಿದ್ರಿ?”

“ಏನಿಲ್ಲ. ಗಲೀಜಾಗಿತ್ತು, ಒರೆಸ್ದೆ ಅಷ್ಟೆ.”

ಯಜಮಾನರು ಇಬ್ಬರು ಟರ್ನರುಗಳ ಕಡೆ ತಿರುಗಿ ಏನೋ ಹೇಳಹೋಗಿ, ಬೇಡವೆಂದು ಬಿಟ್ಟರು. “ಇಷ್ಟು ದಿನ ಇವ್ರನ್ನ ಸ್ಟೋರಲ್ಲಿ ಯಾಕೆ ಕೂರಿಸಿದ್ವಿ?” ಎಂದು ಫೋರ್ಮನ್‌ರನ್ನು ಕೇಳಿದರು. ಫೋರ್ಮನ್ ಅಭ್ಯಾಸಬಲದಿಂದ, “ನೋಡ್ಕೋಬೇಕು,” ಎಂದರು. “ಒಂದನೇ ತಾರೀಖಿಂದ ಅಕ್ಕನೇ ಫೋರ್ಮನ್,” ಎಂದು ಹೇಳಿ ಯಜಮಾನರು ಹೊರಟರು.

ಐದೂವರೆಗೆ ಮೈಕ್ರಾನ್ ಗೇಟಿನ ಬಳಿ ನಿಂತಿದ್ದ. ಬೂದು ಅಂಗಿ ಕೂಲಂಟ್ ನೀರಿನಲ್ಲಿ ನೆನೆದುಹೋಗಿದ್ದರಿಂದ ಬಿಳಿಯದನ್ನೇ ತೊಟ್ಟುಕೊಂಡು ಮನೆಗೆ ಹೋಗಬೇಕಿತ್ತು. ಪಕ್ಕದ ಮನೆಯ ಅತ್ತೆ ಬಾಗಿಲಲ್ಲೇ ಕೂತಿರುತ್ತಾರೆ. ಹೆಬ್ಬೆಟ್ಟುಗಳನ್ನು ಮುಚ್ಚಲು ಚೀಲವನ್ನು ಎದೆಗವಚಿಕೊಂಡರೆ ಹೇಗೆ, ಎಡಗೈಯಲ್ಲೋ ಬಲಗೈಯಲ್ಲೋ ಎಂದು ಅವನು ಯೋಚಿಸುತ್ತಿದ್ದಾಗ ಸ್ಟೋರಕ್ಕ ಬಂದರು.

“ನಾಳೆಯಿಂದ ಅರ್ಧ ಗಂಟೆ ಬೇಗ ಬಾ ತಮ್ಮಾ. ಸ್ಟೋರಿನ ಆರ್ಬರುಗಳನ್ನೆಲ್ಲಾ ಒಂದೊಂದಾಗಿ ಬ್ಲೂ ಹಚ್ಚಿ ನೋಡಿ, ಯಾವುದು ಯಾವುದಕ್ಕೆ ಹೊಂದುತ್ತೆ ಅಂತ ಬರೆದಿಡ್ಬೇಕು. ನೂರಾ ಎಂಬತ್ತು ಇದೆ. ನಿನಗೆ ಇಂಥ ಕೆಲಸ ಇಷ್ಟ ಅಲ್ವಾ?”

“ಇಷ್ಟ ಅಕ್ಕಾ,” ಎಂದ ಮೈಕ್ರಾನ್.

ಅಷ್ಟರಲ್ಲಿ ಬಣ್ಣದವನು ಸ್ಕೂಟರ್ ತಂದು ನಿಲ್ಲಿಸಿದ. “ಬನ್ನಿ ಅತ್ತಿಗೆ, ಹೊತ್ತಾಯ್ತು. ಅಣ್ಣ ಕಾಯ್ತಿರ್ತಾನೆ.”

ಸ್ಟೋರಕ್ಕ ಸೀರೆ ಸರಿಮಾಡಿಕೊಂಡು ಮೈದುನನ ಹಿಂದೆ ಕೂತರು.

ಮೈಕ್ರಾನನ ಕನ್ನಡಕ ತಾನಾಗಿಯೇ ಮೂಗಿನ ತುದಿಗೆ ಜಾರಿತು. ದಿನವಿಡೀ ಒಬ್ಬನೇ ಇದ್ದೆ ಎಂದಿದ್ದ ಈ ಬಣ್ಣದವನು. ಹನ್ನೊಂದೂವರೆಗೇ ಅವರು, ಇನ್ನೇನು ಉಳಿಯಿತು ಎಂದು ಕೇಳಿದ್ದರು. ಊಟದ ಹೊತ್ತಿನಲ್ಲಿ ತನ್ನನ್ನು ಗುನುಗಪ್ಪನ ಲೇತಿನ ಕೆಳಗೆ ಕಂಡ ವೆಲ್ಡರ್ ಆಮೇಲೆ ಯಾರ ಕಿವಿಗೆ ಬಾಯಿ ತಂದಿದ್ದನೋ. ನಾಲ್ಕಕ್ಕೆ ಅರ್ಧ ಗಂಟೆ ಇರುವಾಗಲೇ ಪೀಠದ ನಂಬರಿನ ಮೇಲಿನ ಬಣ್ಣ ಒರೆಸಿದ್ದು...

“ಏನು ತಮ್ಮಾ? ಏನೋ ಕೇಳ್ಬೇಕು ಅನ್ನೋ ಹಾಗಿದೆ ಮುಖ.”

ಮೈಕ್ರಾನ್ ಬಾಯಿ ತೆರೆದ. ಸ್ಟೋರಕ್ಕನ ಬಲ ಹೆಬ್ಬೆರಳಿನ ಮೇಲೆ ಇನ್ನೂ ಒಂದು ನೀಲಿ ಮಚ್ಚೆಯಿತ್ತು. ಅದರ ನಡುವೆ, ಒತ್ತಿ ಒರೆಸಿದ ಕಡೆ, ಹಿಂದುಮುಂದಾದ ಒಂದು ಒಂಬತ್ತು.

“ಏನೂ ಇಲ್ಲ ಅಕ್ಕಾ.”

“ನಂಗೂ ನಿನ್ನ ಏನೋ ಕೇಳೋದಿತ್ತು,” ಎಂದರು ಸ್ಟೋರಕ್ಕ ನಗುತ್ತ. “ಬೇಡ ಬಿಡು.”

ಸ್ಕೂಟರ್ ಹೊರಟಿತು. ಅದರ ಹಿಂಬದಿಗೆಲ್ಲ ಹೊಸದಾಗಿ ಬಣ್ಣ ಬಳಿದಿತ್ತು. ಲೇತುಗಳಿಗೆ ಬಳಿದದ್ದೇ ಹಸಿರು. ಮೈಕ್ರಾನ್ ಅದನ್ನೂ ನೋಡಿದ. ನೋಡಿ, ಚೀಲವನ್ನು ಎದೆಗೆ ಅವಚಿಕೊಂಡು, ಏನನ್ನೂ ನೋಡದವನಂತೆ ಮನೆಯ ಕಡೆ ನಡೆದ.